ಹುಟ್ಟಿದ ಕೂಸಿನ ಎರಡೂ ಕಡೆ ನೋಡಿ

ಮೊನ್ನೆ ನಮ್ಮ ತುಮಕೂರಿನ ಕ್ಯಾತ್ಸಂದ್ರದಿಂದ ಪರಿಚಯದವರೊಬ್ರು ಫೋನ್ ಮಾಡಿದ್ರು. ನಾದಿನಿ ಮಗು, ಇನ್ನೂ ಬಾಣಂತನ ನಡೀತಿದೆ, ಒಂದು ಕಾಲಿನ ಬೆರಳು ಮಾತ್ರ ಕೆಂಪಗೆ ಊದಿ ತುದಿ ನೀಲಿ ಆಗಿದೆ, ಮನೇಲಿ ದೃಷ್ಟಿ ಆಗಿದೆ ಅಂತ ನಿವಾಳಿಸ್ತಿದಾರೆ, ನಿಮ್ಮ ಮಗಳಿಗೂ ಹುಟ್ಟಿದಾಗ ರಕ್ತ ಓಡಾಟದ್ದೇ ಏನೋ ತೊಂದ್ರೆ ಆಗಿತ್ತಲ್ಲ ಅದಕ್ಕೆ ಕೇಳ್ದೆ ಅಂದ್ರು. ನಿವಾಳಿಸೋದನ್ನ ಆಮೇಲೆ ಮಾಡ್ಕೊಳ್ಳಿ, ಈಗ ಮೊದಲು ಆಸ್ಪತ್ರೆಗೆ ಹೊರಡಿ ಅಂದೆ. ಹೋದ್ರು. ಕಾಲುಚೀಲದ ಒಳಗಿನ ಒಂದು ನೂಲು ಬಿಚ್ಕೊಂಡು ಬೆರಳಿಗೆ ಸುತ್ಕೊಂಡು ಚರ್ಮದೊಳಗೆ ಇಳಿದುಬಿಟ್ಟಿತ್ತಂತೆ, ಕಣ್ಣಿಗೆ ಕಾಣ್ತಾನೇ ಇರ್ಲಿಲ್ಲವಂತೆ, ಡಾಕ್ಟರ್ ಬೆಳಕು ಹಿಡಿದು ಹುಡುಕಿ ಕತ್ತರಿಸಿದ್ಮೇಲೆ ನೋಡ್ತಾ ನೋಡ್ತಾ ಬಣ್ಣ ತಿರುಗಿತಂತೆ. ಬೆರಳು ಉಳೀತು. ಆ ಫೋನ್ ಬಂದಾಗಿಂದ ಹುಟ್ಟಿದ ಮಕ್ಕಳಿಗೆ ಮೆದುಳಿಗೋ ಕೈಕಾಲಿಗೋ ರಕ್ತ ಓಡಾಟ ನಿಲ್ಲೋದರ ಬಗ್ಗೆ ಬರೀಬೇಕು ಅಂತ ಅನ್ನಿಸ್ತಾ ಇತ್ತು, ಇವತ್ತು ಬರೀತಿದೀನಿ.

ನಮ್ಮ ಕಡೆ ಲಕ್ವ ಹೊಡೆಯೋದು ಅಂದ್ರೆ ಅರವತ್ತು ದಾಟಿದೋರಿಗೆ, ಬಿಪಿ ಶುಗರ್ ಇರೋರಿಗೆ ಅನ್ನೋ ಲೆಕ್ಕ. ಆದ್ರೆ ಮಕ್ಕಳಾಗಿರೋ ಅಷ್ಟೂ ವರ್ಷಗಳಲ್ಲಿ ಸ್ಟ್ರೋಕ್, ಅಂದ್ರೆ ಮೆದುಳಿಗೆ ರಕ್ತ ಹೋಗೋದು ನಿಂತು ಪೆಟ್ಟಾಗೋದು, ಆಗೋ ಸಾಧ್ಯತೆ ಅತಿ ಹೆಚ್ಚು ಇರೋದು ಹುಟ್ಟೋ ಹೊತ್ತಿನ ಆಸುಪಾಸಿನ ದಿನಗಳಲ್ಲೇ. ಕೆಲವು ಸಾವಿರ ಹೆರಿಗೆಗೆ ಒಂದು ಮಗು ಅನ್ನೋ ಪ್ರಮಾಣದಲ್ಲಿ ಇದು ಆಗತ್ತೆ, ನಮ್ಮ ಜಿಲ್ಲೆಯಂಥ ದೊಡ್ಡ ಜಿಲ್ಲೇಲಿ ಪ್ರತಿ ವರ್ಷ ಇಂಥ ಮಕ್ಕಳು ಹುಟ್ಟೇ ಹುಟ್ಟಿರ್ತಾರೆ, ಗೊತ್ತಾಗೋದು ಮಾತ್ರ ಸ್ವಲ್ಪ ಮಕ್ಕಳಿಗೆ. ಬಸುರಿ ಇದ್ದಾಗಿನ 20ನೇ ವಾರದಿಂದ ಹಿಡಿದು ಹುಟ್ಟಿದ 28ನೇ ದಿನದವರೆಗೆ ಯಾವಾಗ ಆದ್ರೂ ಡಾಕ್ಟರ್‌ಗಳು ಅದನ್ನ ಹುಟ್ಟಿನ ಸಮಯದ ಸ್ಟ್ರೋಕ್ ಅಂತಾನೇ ಕರೀತಾರೆ.

ನನ್ನ ಮಗಳದ್ದು ಅದೇ. ದಿನ ತುಂಬಿ ನಾರ್ಮಲ್ ಹೆರಿಗೆ ಆಗಿತ್ತು, ತೂಕ ಚೆನ್ನಾಗಿತ್ತು, ಹುಟ್ಟಿದ ತಕ್ಷಣ ಜೋರಾಗಿ ಅತ್ತಿದ್ಲು, ಎಲ್ಲರೂ ಪೇಡ ಹಂಚಿ ಆಗಿತ್ತು. ಎರಡನೇ ದಿನ ರಾತ್ರಿ ಅಮ್ಮ ಮಗೂನ ತೊಡೆ ಮೇಲೆ ಹಾಕ್ಕೊಂಡು ಕೂತಿದ್ರು. "ಇಲ್ ನೋಡೇ, ಬಲಗೈ ಒಂದೇ ಎಗರ್ತಾ ಐತೆ, ಎಡಗೈ ಸುಮ್ನೆ ಐತೆ" ಅಂದ್ರು. ಡ್ಯೂಟೀಲಿದ್ದೋರನ್ನ ಕರೆದ್ವಿ, ಚಳಿಗೆ ಹಂಗೆ ಆಡತ್ತೆ ಬೆಚ್ಚಗೆ ಸುತ್ತಿ ಅಂತ ಹೇಳಿ ಹೋದ್ರು. ಅಮ್ಮ ಸುತ್ತಲಿಲ್ಲ. ಆ ಪುಟ್ಟ ಕೈನ ತಮ್ಮ ಅಂಗೈಲಿ ಮೆತ್ತಗೆ ಮುಚ್ಚಿ ಹಿಡ್ಕೊಂಡ್ರು, ಹಿಡ್ಕೊಂಡ್ರೂ ಒಳಗೆ ಅದು ಒಂದೇ ತಾಳದಲ್ಲಿ ಟಕ್ ಟಕ್ ಅಂತ ಬಡ್ಕೊಳ್ತಾನೇ ಇತ್ತು. ನನ್ನ ಕೈಗೂ ಕೊಟ್ರು, ನಾನೂ ಹಿಡಿದು ನೋಡ್ದೆ, ನಿಲ್ಲಲಿಲ್ಲ. ಅದ್ರ ಜೊತೆ ತುಟಿ ಚಪ್ಪರಿಸ್ತಾ ಇದ್ಲು, ಕಣ್ಣು ಒಂದು ಕಡೆಗೆ ನೆಟ್ಟಿತ್ತು.

ಇದನ್ನ ಇಷ್ಟು ಬಿಡಿಸಿ ಯಾಕೆ ಬರೀತಿದೀನಿ ಅಂದ್ರೆ ಅಮ್ಮ ಗೊತ್ತಿಲ್ಲದೇ ಮಾಡಿದ್ದನ್ನೇ ಆಮೇಲೆ ಮಕ್ಕಳ ಡಾಕ್ಟರ್ ನಮಗೆ ಹೇಳಿಕೊಟ್ರು. ಹುಟ್ಟಿದ ಕೂಸು ನಡುಗೋದು ಮಾಮೂಲು, ಅತ್ತಾಗ, ಬಟ್ಟೆ ಬಿಚ್ಚಿದಾಗ, ಹಸಿವಾದಾಗ ಕೈಕಾಲು ಅದರತ್ತೆ. ಆ ನಡುಕ ಆದ್ರೆ ಕೈ ಹಿಡಿದ ತಕ್ಷಣ ನಿಲ್ಲತ್ತೆ. ಫಿಟ್ಸ್ ಆದ್ರೆ ಹಿಡಿದ್ರೂ ನಿಲ್ಲಲ್ಲ. ಹುಟ್ಟಿದ ಮಗೂಗೆ ಫಿಟ್ಸ್ ಅಂದ್ರೆ ದೊಡ್ಡೋರ ಥರ ಮೈಯೆಲ್ಲಾ ಸೆಟೆದು ನೊರೆ ಬರೋದಲ್ಲ, ಒಂದು ಕೈ, ಒಂದು ಕಾಲು, ಕೆನ್ನೆಯ ಒಂದು ಪಕ್ಕ, ಇಲ್ಲಾ ಸೈಕಲ್ ತುಳಿದ ಹಾಗೆ ಕಾಲಾಡಿಸೋದು, ಕೆಲವು ಸಲ ಬರೀ ಉಸಿರು ನಿಂತು ನಿಂತು ಬರೋದು, ಇಷ್ಟೇ ಇರಬಹುದು. ಸ್ಟ್ರೋಕ್ ಆದ ಎಷ್ಟೋ ಮಕ್ಕಳಲ್ಲಿ ಮೊದಲ ಎರಡು ಮೂರು ದಿನದಲ್ಲಿ ಕಾಣೋ ಒಂದೇ ಲಕ್ಷಣ ಇದು, ಮಿಕ್ಕಂತೆ ಮಗು ಹಾಲು ಕುಡೀತಾ ಆರಾಮಾಗೇ ಇರತ್ತೆ.

ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಬಾಲಗ್ರಹ ಅಂತ ಹೆಸರಿಟ್ಟು ತಾಯತ ಕಟ್ಟಿಸಿಬಿಡ್ತಾರೆ, ಬರೆ ಹಾಕಿಸೋ ಮನೆಗಳೂ ಇವೆ. ಎಳೇ ಚರ್ಮಕ್ಕೆ ಬರೆ ಹಾಕಿದ್ರೆ ಸೋಂಕು ರಕ್ತಕ್ಕೆ ಸೇರತ್ತೆ, ಆ ಸೋಂಕಿಂದಾನೇ ರಕ್ತ ಹೆಪ್ಪುಗಟ್ಟೋ ಅಪಾಯ ಇನ್ನೂ ಜಾಸ್ತಿ ಆಗತ್ತೆ. ದಯವಿಟ್ಟು ಬೇಡ. ಕೈಮುಗಿದು ಕೇಳ್ತೀನಿ.

ಅವತ್ತು ಅಮ್ಮ ಬಿಡಲಿಲ್ಲ, ಮತ್ತೆ ಹೋಗಿ ಕರ್ಕೊಂಡು ಬಂದ್ರು, ಮಕ್ಕಳ ಡಾಕ್ಟರ್ ಬಂದು ನೋಡಿ ತಕ್ಷಣ ಎನ್‌ಐಸಿಯುಗೆ, ಅಂದ್ರೆ ಹುಟ್ಟಿದ ಮಕ್ಕಳ ಐಸಿಯುಗೆ, ತಗೊಂಡ್ರು. ಮೊದಲು ಸಕ್ಕರೆ ಕಡಿಮೆ ಆಗಿದ್ಯಾ ಕ್ಯಾಲ್ಸಿಯಂ ಕಡಿಮೆ ಆಗಿದ್ಯಾ ಅಂತ ರಕ್ತ ನೋಡಿದ್ರು, ಎರಡೂ ಸರಿ ಇತ್ತು. ಫಿಟ್ಸ್ ನಿಲ್ಲಿಸೋಕೆ ಫಿನೋಬಾರ್ಬಿಟೋನ್ ಕೊಟ್ರು. ನೆತ್ತಿ ಮೇಲೆ ಇಟ್ಟು ಮಾಡೋ ಸ್ಕ್ಯಾನ್ ಮಾಡಿದ್ರು, ಅದರಲ್ಲಿ ಏನೂ ಕಾಣಲಿಲ್ಲ, ನಾವು ಸದ್ಯ ದೇವ್ರೇ ಅಂದ್ಕೊಂಡ್ವಿ. ಆದ್ರೆ ಡಾಕ್ಟರ್ ಅಷ್ಟಕ್ಕೇ ಬಿಡಲಿಲ್ಲ, ಈ ಸ್ಕ್ಯಾನಿಗೆ ಸ್ಟ್ರೋಕ್ ತಪ್ಪಿಹೋಗೋ ಸಾಧ್ಯತೆ ಇದೆ, ಎಂಆರ್‌ಐ ಆಗಲೇಬೇಕು, ಅದೂ ಈ ಮೊದಲ ಕೆಲವು ದಿನದೊಳಗೇ ಆಗಬೇಕು ಅಂತ ಬೆಂಗಳೂರಿಗೆ ಬರೆದುಕೊಟ್ರು. ಅವರಿಗೆ ನಾನು ಇವತ್ತಿಗೂ ಋಣಿ. ಎಂಆರ್‌ಐಗೆ ಮಗೂಗೆ ಅರಿವಳಿಕೆ ಕೊಡ್ತಾರಾ ಅಂತ ಹೆದರಿದ್ದೆ, ಹಾಗೇನೂ ಮಾಡಲಿಲ್ಲ, ಹೊಟ್ಟೆ ತುಂಬ ಹಾಲು ಕುಡಿಸಿ, ಕಿವಿಗೆ ಹತ್ತಿ ಇಟ್ಟು, ಬಿಗಿಯಾಗಿ ಬಟ್ಟೇಲಿ ಸುತ್ತಿ ಮಲಗಿಸಿದ್ರು, ಅಷ್ಟು ಸದ್ದಲ್ಲೂ ಮಗು ನಿದ್ದೆ ಮಾಡ್ತು. ರಿಪೋರ್ಟಲ್ಲಿ ಮೆದುಳಿನ ಎಡಗಡೆ ಮಧ್ಯದ ರಕ್ತನಾಳ ಕಟ್ಕೊಂಡಿದೆ ಅಂತ ಬಂತು. ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ಕಟ್ಕೊಳ್ಳೋದೂ ಅದೇ ನಾಳ, ಅದೇ ಎಡಗಡೆ. ಎಡಗಡೆ ಮೆದುಳು ಬಲಗಡೆ ಮೈಯನ್ನ ಆಡಿಸೋದ್ರಿಂದ ಬಲಗೈ ಎಗರ್ತಿದ್ದದ್ದು.

ಯಾಕೆ ಆಯ್ತು ಅನ್ನೋದು ಮುಂದಿನ ಪ್ರಶ್ನೆ, ಮನೆಗೆ ಬಂದ ಪ್ರತಿಯೊಬ್ರದ್ದೂ ಅದೇ ಪ್ರಶ್ನೆ. ಗ್ರಹಣದ ದಿನ ಹೊರಗೆ ಬಂದಿದ್ಲಾ, ಪರಂಗಿ ಹಣ್ಣು ತಿಂದಿದ್ಲಾ, ಸ್ಕೂಟರ್ ಮೇಲೆ ಓಡಾಡಿದ್ಲಂತಲ್ಲ. ಬಾಣಂತಿ ಮುಂದೇನೇ ಕೂತು ಕೇಳ್ತಾರೆ. ಉತ್ತರ ಏನು ಅಂದ್ರೆ ಇವ್ಯಾವೂ ಅಲ್ಲ. ಬಸುರಿ ಹೆಂಗಸಿನ ರಕ್ತ ಹೆಪ್ಪುಗಟ್ಟೋ ಗುಣ ತಾನಾಗೇ ಜಾಸ್ತಿ ಆಗಿರತ್ತೆ, ಹೆರಿಗೇಲಿ ರಕ್ತ ಹೋಗಿ ತಾಯಿ ಸಾಯಬಾರದು ಅಂತ ದೇಹ ಮಾಡ್ಕೊಂಡಿರೋ ಏರ್ಪಾಡು ಅದು. ಮಾಸಿನಲ್ಲೂ ಸಣ್ಣ ಸಣ್ಣ ಗರಣೆ, ಅಂದ್ರೆ ಹೆಪ್ಪುಗಟ್ಟಿದ ರಕ್ತದ ಗಂಟು, ಇರಬಹುದು. ಹೊಟ್ಟೇಲಿರೋ ಮಗು ಶ್ವಾಸಕೋಶದಿಂದ ಉಸಿರಾಡಲ್ಲವಾದ್ರಿಂದ ಅದರ ಹೃದಯದ ಬಲ ಎಡ ಕೋಣೆಗಳ ಮಧ್ಯೆ ಒಂದು ಕಿಂಡಿ ಇರತ್ತೆ, ಮಾಸಿನಿಂದ ಬಂದ ರಕ್ತ ಆ ಕಿಂಡೀಲಿ ದಾಟಿ ನೇರವಾಗಿ ತಲೆ ಕಡೆಗೆ ಹೋಗತ್ತೆ. ಒಂದು ಸಣ್ಣ ಗರಣೆ ಆ ದಾರಿ ಹಿಡಿದ್ರೆ ಮೆದುಳಿನ ನಾಳದಲ್ಲಿ ಸಿಕ್ಕಾಕ್ಕೊಳತ್ತೆ, ಕೆಳಗೆ ಹೋದ್ರೆ ಕಾಲಿನ ನಾಳ. ಹಾಗಾಗಿ ಸ್ಟ್ರೋಕು, ಕಾಲು ಕಪ್ಪಾಗೋದು ಇವೆರಡೂ ಬೇರೆ ಬೇರೆ ಕಾಯಿಲೆ ಥರ ಕಂಡ್ರೂ ಎಷ್ಟೋ ಸಲ ಒಂದೇ ಕಥೆ. ಹೆರಿಗೆ ಸಮಯದ ಸೋಂಕು, ತಾಯಿಗೆ ಬಿಪಿ ಏರೋದು, ಮಗೂಗೆ ಹುಟ್ಟಿನಿಂದ ಹೃದಯದ ತೊಂದ್ರೆ, ರಕ್ತ ಗಟ್ಟಿ ಇರೋದು, ಮೆದುಳು ಜ್ವರ, ಇವೆಲ್ಲ ಸಾಧ್ಯತೆ ಹೆಚ್ಚಿಸತ್ತೆ. ಎಷ್ಟು ಹುಡುಕಿದ್ರೂ ಕಾರಣ ಸಿಗದೇ ಇರೋದೂ ತುಂಬಾ. ನಮ್ಮದರಲ್ಲಿ ಹೃದಯದ ಸ್ಕ್ಯಾನ್ ಇಕೋ ಮಾಡಿದ್ರು, ರಕ್ತದ ಪರೀಕ್ಷೆಗಳು ಮಾಡಿದ್ರು, ಏನೂ ಸಿಗಲಿಲ್ಲ.

ಒಂದು ಕಾರಣ ಮಾತ್ರ ನಮ್ಮ ಕಡೆಯೋರು ತಿಳ್ಕೋಬೇಕು. ರಕ್ತ ಅತಿಯಾಗಿ ಹೆಪ್ಪುಗಟ್ಟದ ಹಾಗೆ ತಡೆಯೋ ಪ್ರೋಟೀನ್ ಸಿ ಅಂತ ಒಂದು ಇದೆ, ಅದರ ಕೊರತೆಯ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದುಬಿಟ್ರೆ ಮಗೂಗೆ ಹುಟ್ಟಿದ ಕೆಲವೇ ಗಂಟೆ ದಿನಗಳಲ್ಲಿ ಮೈಮೇಲೆ ನೇರಳೆ ಕಪ್ಪು ಮಚ್ಚೆ ಎದ್ದು, ಬೆರಳುಗಳೇ ಕೊಳೆಯೋ ಮಟ್ಟಕ್ಕೆ ಹೋಗಬಹುದು. ತುಂಬಾ ಅಪರೂಪ ಇದು. ಆದ್ರೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡೋ ಪದ್ಧತಿ ಇರೋ ನಮ್ಮಂಥ ಕಡೆ ಒಂದೇ ಜೀನ್ ಎರಡೂ ಕಡೆಯಿಂದ ಬರೋ ಸಾಧ್ಯತೆ ಜಾಸ್ತಿ. ಸಂಬಂಧದಲ್ಲೇ ಮದುವೆ ಆಗಿದ್ರೆ ಡಾಕ್ಟರ್‌ಗೆ ಅದನ್ನ ಮುಚ್ಚಿಡದೇ ಮೊದಲೇ ಹೇಳಿ, ಹಿಂದೆ ಎಳೇ ಮಕ್ಕಳು ತೀರ್ಕೊಂಡಿದ್ರೆ ಅದನ್ನೂ ಹೇಳಿ.

ಈಗ ಕಾಲಿನ ವಿಷಯ. ಎನ್‌ಐಸಿಯುನಲ್ಲಿ ನಮ್ಮ ಪಕ್ಕದಲ್ಲಿ ಪಾವಗಡ ಕಡೆಯ ಒಂದು ಗಂಡು ಮಗು ಇತ್ತು. ಬೇಸಿಗೆ, ಆ ಕಡೆ ಬಿಸಿಲು ಹೇಗಿರತ್ತೆ ಅಂತ ಗೊತ್ತಲ್ಲ, ಅಂಥದ್ರಲ್ಲಿ ಶೀಟಿನ ಮನೆ, ಬಾಣಂತಿಗೆ ನೀರು ಜಾಸ್ತಿ ಕೊಟ್ರೆ ಮೈ ಊದ್ಕೊಳತ್ತೆ ಅಂತ ಲೋಟ ಲೆಕ್ಕದಲ್ಲಿ ಕೊಡ್ತಿದ್ರಂತೆ, ಮೊದಲ ಹೆರಿಗೆ, ಹಾಲು ಸರಿಯಾಗಿ ಇಳಿದಿರಲಿಲ್ಲ, ಮಗು ಎದೆಗೆ ಬಾಯಿಟ್ಟು ಹಾಗೇ ಮಲಗಿಬಿಡ್ತಿತ್ತು. ಅಳಲ್ಲ, ಸಾಧು ಮಗು ಅಂತ ಎಲ್ಲರಿಗೂ ಖುಷಿ. ಉಚ್ಚೆ ಬಟ್ಟೆ ಒಣಗೇ ಇರ್ತಿದ್ದದ್ದನ್ನ ಯಾರೂ ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಆಸ್ಪತ್ರೆಗೆ ಬಂದಾಗ ರಕ್ತದಲ್ಲಿ ಸೋಡಿಯಂ 160ರ ಮೇಲಿತ್ತು, ಇರಬೇಕಾದ್ದು 135ರಿಂದ 145. ಮೈಯಲ್ಲಿ ನೀರಿನಂಶ ಇಲ್ಲದೇ ರಕ್ತ ಅನ್ನೋದು ಕುದ್ದು ಕುದ್ದು ಬತ್ತಿದ ಸಾರಿನ ಥರ ಗಟ್ಟಿ ಆಗಿಬಿಟ್ಟಿತ್ತು, ಎಡಗಾಲಿನ ನಾಳ ಕಟ್ಕೊಂಡಿತ್ತು. ಮೂರು ಕೇಜಿ ಮಗೂನ ಮೈಯಲ್ಲಿ ಇರೋ ಒಟ್ಟು ರಕ್ತ ಸುಮಾರು ಕಾಲು ಲೀಟರ್ ಅಷ್ಟೇ ಅಂತ ಅಲ್ಲಿನ ಸಿಸ್ಟರ್ ಹೇಳಿದಾಗ ನನಗೆ ಎದೆ ಝಲ್ ಅಂತು.

ಆ ಕಾಲನ್ನ ನಾನು ನೋಡಿದೀನಿ. ಬಲಗಾಲು ಕೆಂಪಗೆ, ಒತ್ತಿದ್ರೆ ಬಿಳಿಯಾಗಿ ಮತ್ತೆ ತಕ್ಷಣ ಕೆಂಪಾಗ್ತಿತ್ತು. ಎಡ ಪಾದ ಹಿಮ್ಮಡಿವರೆಗೆ ಬೂದಿ ಬಣ್ಣ, ಬೆರಳುಗಳು ನೇರಳೆ ಹಣ್ಣಿನ ಕಪ್ಪು, ಒತ್ತಿದ್ರೆ ಏನೂ ಬದಲಾಗ್ತಿರ್ಲಿಲ್ಲ. ರಕ್ತ ಓಡ್ತಿದ್ಯಾ ಅಂತ ಡಾಪ್ಲರ್ ಸ್ಕ್ಯಾನ್ ಇಟ್ಟು ನೋಡಿದ್ರು. ರಕ್ತ ಇನ್ನೂ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಶುರು ಮಾಡಿದ್ರು. ನೀರಿನಂಶ ತುಂಬೋದನ್ನ ಮಾತ್ರ ನಿಧಾನಕ್ಕೆ, ಎರಡು ಮೂರು ದಿನ ತಗೊಂಡು ಮಾಡಿದ್ರು, ಸೋಡಿಯಂ ಒಂದೇ ಸಲ ಇಳಿಸಿದ್ರೆ ಮೆದುಳು ಊದ್ಕೊಳತ್ತಂತೆ. ಮನೆಯವರು ಬಿಸಿ ಬಟ್ಟೆ ಶಾಖ ಕೊಡ್ತೀವಿ ಅಂದಾಗ ಸಿಸ್ಟರ್ ಖಡಾಖಂಡಿತ ಬೇಡ ಅಂದ್ರು. ರಕ್ತ ಓಡದ ಚರ್ಮಕ್ಕೆ ಶಾಖ ತಡೆಯೋ ಶಕ್ತಿ ಇರಲ್ಲ, ಸುಟ್ಟುಹೋಗತ್ತೆ. ಎಣ್ಣೆ ಹಾಕಿ ತಿಕ್ಕೋದೂ ಬೇಡ. ಆಮೇಲೆ ಕಾಯೋದು. ಯಾವ ಭಾಗ ಬದುಕತ್ತೆ ಯಾವುದು ಹೋಗತ್ತೆ ಅಂತ ಗೆರೆ ಬೀಳೋವರೆಗೆ ಸರ್ಜನ್‌ಗಳು ಅವಸರ ಮಾಡಲ್ಲ, ಯಾಕಂದ್ರೆ ಎಳೇ ಮಕ್ಕಳ ಮೈ ದೊಡ್ಡೋರ ಮೈಗಿಂತ ಹೆಚ್ಚು ಉಳಿಸ್ಕೊಳತ್ತೆ. ಆ ಮಗೂಗೆ ಪಾದ ಉಳೀತು, ಬೆರಳ ತುದಿಗಳು ಒಣಗಿ ಉದುರಿದ್ವು. ಅವರಮ್ಮ ಆ ದಿನಗಳಲ್ಲಿ ಗಾಜಿನ ಆಚೆ ನಿಂತ್ಕೊಂಡು ಹಾಲು ಹಿಂಡಿ ಕೊಡ್ತಿದ್ರು, ಹಾಲು ಆಗ ಧಾರಾಳ ಬಂದಿತ್ತು.

ಕಾಲು ಕಟ್ಕೊಳ್ಳೋಕೆ ಇನ್ನೊಂದು ದೊಡ್ಡ ಕಾರಣ ಆಸ್ಪತ್ರೆ ಒಳಗಿನದ್ದೇ. ತಿಂಗಳು ತುಂಬದ ಮಕ್ಕಳಿಗೆ ಹೊಕ್ಕುಳಿನ ಅಪಧಮನೀಲಿ, ಇಲ್ಲಾ ಮುಂಗೈ ನಾಳದಲ್ಲಿ ನಳಿಗೆ ಹಾಕಿರ್ತಾರೆ, ಜೀವ ಉಳಿಸೋಕೆ ಬೇಕೇ ಬೇಕು, ಆದ್ರೆ ಅದರ ಸುತ್ತ ಗರಣೆ ಕಟ್ಟಬಹುದು ಅಥವಾ ನಾಳ ಸೆಟೆದುಕೊಳ್ಳಬಹುದು. ಅದಕ್ಕೇ ಅಲ್ಲಿ ಗಂಟೆ ಗಂಟೆಗೂ ಬೆರಳು ನೋಡ್ತಿರ್ತಾರೆ. ಬಣ್ಣ ಬದಲಾದ್ರೆ ಸಾಮಾನ್ಯವಾಗಿ ನಳಿಗೆ ತೆಗೀತಾರೆ, ಆ ಕಾಲನ್ನ ಬಿಟ್ಟು ಇನ್ನೊಂದು ಕಾಲನ್ನ ಬೆಚ್ಚಗಿಡ್ತಾರೆ, ಅದರ ಪ್ರಭಾವಕ್ಕೆ ಈ ಕಾಲಿನ ನಾಳಾನೂ ಸಡಿಲ ಆಗತ್ತೆ, ನಾಳ ಸಡಿಲ ಮಾಡೋ ನೈಟ್ರೋಗ್ಲಿಸರಿನ್ ಮುಲಾಮು ಹಚ್ಚೋದೂ ಇದೆ. ಮಗು ಐಸಿಯುನಲ್ಲಿದ್ದಾಗ ತಾಯಿಗೆ ನೋಡೋಕೆ ಬಿಟ್ರೆ ಬೆರಳು ನೋಡಿ, ಅನುಮಾನ ಬಂದ್ರೆ ಕೇಳಿ. ಕೇಳಿದ್ರೆ ಬೈತಾರೆ ಅಂತ ಹೆದರಬೇಡಿ.

ಇಷ್ಟೆಲ್ಲ ನೋಡಿ ನಾನು ಎಲ್ಲಾ ಬಾಣಂತಿಯರಿಗೂ ಹೇಳೋದು ಒಂದೇ, ಕೂಸಿನ ಎರಡೂ ಕಡೆ ಹೋಲಿಸಿ ನೋಡಿ. ಹುಟ್ಟಿದ ಮೊದಲ ಒಂದೆರಡು ದಿನ ಎರಡು ಅಂಗೈ, ಎರಡು ಅಂಗಾಲು ಸಮವಾಗಿ ನೀಲಿ ಛಾಯೆ ಇರೋದು ಮಾಮೂಲು, ತುಟಿ ನಾಲಿಗೆ ಕೆಂಪಗಿದ್ರೆ ಸರಿ. ಒಂದೇ ಕಾಲು ತಣ್ಣಗೆ, ಒಂದೇ ಕೈ ಬಿಳಿಚಿದ್ರೆ, ಅದು ಮಾಮೂಲಲ್ಲ. ಎರಡು ಕೈನೂ ಅದುರಿದ್ರೆ ಹಿಡಿದು ನೋಡಿ, ಒಂದೇ ಕೈ ತಾಳ ಹಾಕಿದ ಹಾಗೆ ಎಗರ್ತಿದ್ರೆ ಹೊರಡಿ. ಅಜ್ಜಿಯಂದಿರು ಕಾಲು ಚಾಚ್ಕೊಂಡು ಮಗೂನ ಕಾಲ ಮೇಲೆ ಹಾಕಿ ನೀರು ಎರೀತಾರಲ್ಲ, ಅದಕ್ಕಿಂತ ಒಳ್ಳೆ ಹೊತ್ತಿಲ್ಲ, ಬಟ್ಟೆ ಇರಲ್ಲ, ಬೆಳಕಿರತ್ತೆ, ಎರಡು ಕೈಯಲ್ಲೂ ಮೈ ಮುಟ್ತಿರ್ತಾರೆ. ಕೈಚೀಲ ಕಾಲುಚೀಲ ತೆಗೆದು ಬೆರಳು ಒಂದೊಂದಾಗಿ ಬಿಡಿಸಿ ನೋಡೋಕೆ ಹೇಳಿ. ದೃಷ್ಟಿಗೆ ಅಂತ ಕಟ್ಟಿದ ಕಪ್ಪು ದಾರ, ಉಡಿದಾರ ಮಗು ಬೆಳೆದ ಹಾಗೆ ಬಿಗಿ ಆಗಿರತ್ತೆ, ಅದನ್ನೂ ನೋಡಿ. ಬಾಣಂತಿ ಕೂದಲು ಮೂರನೇ ತಿಂಗಳಿಂದ ಉದುರೋಕೆ ಶುರು ಆಗತ್ತೆ, ಒಂದು ಕೂದಲು ಸಾಕು ಬೆರಳಿಗೆ ಸುತ್ಕೊಳ್ಳೋಕೆ.

ಆಸ್ಪತ್ರೇಲೂ ಹೋಲಿಸೋ ಪರೀಕ್ಷೆ ಇದೆ. ಮನೆಗೆ ಕಳಿಸೋ ಮುಂಚೆ ಬಲಗೈಗೊಂದು ಸಲ ಪಾದಕ್ಕೊಂದು ಸಲ ಆಕ್ಸಿಜನ್ ಕ್ಲಿಪ್ ಹಾಕಿ ನೋಡ್ತಾರೆ, ಎರಡರ ಮಧ್ಯೆ 3ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಹೃದಯದ ತೊಂದ್ರೆ ಅನುಮಾನ. ಮಾಡದೇ ಇದ್ರೆ ಕೇಳಿ ಮಾಡಿಸ್ಕೊಳ್ಳಿ. ಹಾಗಂತ ಒಂದು ಕಡೆ ವ್ಯತ್ಯಾಸ ಕಂಡ ತಕ್ಷಣ ಸ್ಟ್ರೋಕೇ ಅಂತ ಎದೆ ಒಡ್ಕೋಬೇಡಿ, ಕಷ್ಟದ ಹೆರಿಗೇಲಿ ಭುಜ ಎಳೆದು ನರಕ್ಕೆ ಪೆಟ್ಟಾಗಿ ಒಂದು ಕೈ ಎತ್ತದೇ ಇರೋ ಮಕ್ಕಳೂ ಇರ್ತಾರೆ, ಅವರಲ್ಲಿ ತುಂಬಾ ಜನಕ್ಕೆ ತಿಂಗಳುಗಳಲ್ಲಿ ಸರಿ ಹೋಗತ್ತೆ. ಪತ್ತೆ ಮಾಡೋದು ಡಾಕ್ಟರ್ ಕೆಲಸ, ತೋರಿಸೋದು ನಮ್ಮದು.

ಹಾಲಿನ ವಿಷಯ ಚುಟುಕಾಗಿ ಹೇಳ್ತೀನಿ. ಐದನೇ ದಿನದ ಹೊತ್ತಿಗೆ ದಿನಕ್ಕೆ ಆರು ಸಲಕ್ಕಾದ್ರೂ ಉಚ್ಚೆ ಹೋಗಬೇಕು. ಮೊದಲ ವಾರ ತೂಕ ಸ್ವಲ್ಪ ಇಳಿಯತ್ತೆ, ಆದ್ರೆ ನೂರಕ್ಕೆ ಹತ್ತು ಭಾಗಕ್ಕಿಂತ ಜಾಸ್ತಿ ಇಳಿದ್ರೆ, ಅಂದ್ರೆ ಮೂರು ಕೇಜಿ ಮಗು 2.7ಕ್ಕಿಂತ ಕೆಳಗೆ ಬಂದ್ರೆ ತೋರಿಸ್ಲೇಬೇಕು. ಆಶಾ ಕಾರ್ಯಕರ್ತೆಯರು 3, 7, 14, 21, 28, 42ನೇ ದಿನ ಮನೆಗೆ ಬಂದು ನೋಡೋ ವ್ಯವಸ್ಥೆ ಇದೆ, ಅವರ ಹತ್ರ ತಕ್ಕಡಿ ಇರತ್ತೆ, ಮಗು ಮಲಗಿದೆ ಆಮೇಲೆ ಬನ್ನಿ ಅಂತ ಕಳಿಸಬೇಡಿ. ಬಾಣಂತಿಗೆ ಬಾಯಾರಿದಷ್ಟೂ ನೀರು ಕೊಡಿ. ಮಗೂಗೆ ಮಾತ್ರ ಸಕ್ಕರೆ ನೀರು, ಜೇನುತುಪ್ಪ, ಹರಳೆಣ್ಣೆ ಬೇಡ.

ನನ್ನ ಮಗಳ ವಿಷಯಕ್ಕೆ ಬಂದ್ರೆ, ಮೆದುಳಿನ ಗರಣೆಗೆ ಔಷಧಿ ಕೊಟ್ಟು ಕರಗಿಸ್ತಾರೆ ಅಂತ ನಾನು ಅಂದ್ಕೊಂಡಿದ್ದೆ, ಎಳೇ ಮಕ್ಕಳಲ್ಲಿ ಸಾಮಾನ್ಯವಾಗಿ ಹಾಗೆ ಮಾಡಲ್ಲ, ಗೊತ್ತಾಗೋ ಹೊತ್ತಿಗೆ ಪೆಟ್ಟು ಬಿದ್ದಾಗಿರತ್ತೆ, ಕರಗಿಸೋ ಔಷಧಿಯಿಂದ ರಕ್ತಸ್ರಾವದ ಭಯಾನೂ ಇರತ್ತೆ. ಫಿಟ್ಸ್ ತಡೆದು, ಸಕ್ಕರೆ, ಉಸಿರು, ಜ್ವರ ನೋಡ್ಕೊಳ್ಳೋದೇ ಚಿಕಿತ್ಸೆ. ಹೃದಯದ ತೊಂದ್ರೆ ಇಲ್ಲದ ಮಗೂಗೆ ಮತ್ತೆ ಸ್ಟ್ರೋಕ್ ಆಗೋದು ತುಂಬಾ ಅಪರೂಪ ಅಂತ ಡಾಕ್ಟರ್ ಹೇಳಿದ ಮೇಲೇ ನಾನು ರಾತ್ರಿ ನಿದ್ದೆ ಮಾಡಿದ್ದು.

ನಿಜವಾದ ಕೆಲಸ ಆಮೇಲೆ ಶುರುವಾಯ್ತು. ನಾಲ್ಕೈದು ತಿಂಗಳಿಗೆ ಅವಳು ಎಲ್ಲದಕ್ಕೂ ಎಡಗೈ ಚಾಚೋಕೆ ಶುರು ಮಾಡಿದ್ಲು, ಬಲ ಮುಷ್ಟಿ ಹೆಬ್ಬೆರಳನ್ನ ಒಳಗೆ ಹಾಕ್ಕೊಂಡು ಮುಚ್ಚೇ ಇರ್ತಿತ್ತು. ನೆಂಟರು "ಎಡಚಿ ಆಗ್ತಾಳೆ ಬಿಡವ್ವ" ಅಂದ್ರು. ವರ್ಷ ತುಂಬೋ ಮುಂಚೆ ಮಗು ಎಡಚ ಬಲಚ ಅಂತ ಆಗೋದೇ ಇಲ್ಲ, ಎರಡು ಕೈನೂ ಸಮ ಬಳಸಬೇಕು. ಆರು ತಿಂಗಳ ಮಗು ಒಂದೇ ಕೈ ಬಳಸ್ತಿದ್ರೆ ಇನ್ನೊಂದು ಕೈಲಿ ಏನೋ ತೊಂದ್ರೆ ಇದೆ ಅಂತ ಅರ್ಥ. ಹುಟ್ಟಿದಾಗ ಫಿಟ್ಸ್ ಏನೂ ಕಾಣದೇ ಹೀಗೆ ತಡವಾಗಿ ಗೊತ್ತಾಗೋ ಸ್ಟ್ರೋಕ್ ಮಕ್ಕಳೂ ಬಹಳ, ಅವರ ಅಪ್ಪ ಅಮ್ಮ ಇದನ್ನ ಓದ್ತಿದ್ರೆ ದಯವಿಟ್ಟು ನಾಳೇನೇ ಹೋಗಿ.

ಫಿಸಿಯೋ ಮೇಡಂ ಹೇಳಿಕೊಟ್ಟ ಹಾಗೆ ದಿನಾ ಸ್ವಲ್ಪ ಹೊತ್ತು ಅವಳ ಒಳ್ಳೆ ಕೈಗೆ, ಅಂದ್ರೆ ಎಡಗೈಗೆ, ಕಾಲುಚೀಲ ಹಾಕಿ ಬಲಗೈ ಮುಂದೆ ಆಟದ ಸಾಮಾನು ಇಡ್ತಿದ್ವಿ. ದೊಡ್ಡವಳಾದ್ಮೇಲೆ ತಟ್ಟೇಲಿ ಕಡ್ಲೆಪುರಿ. ಮೊದಲು ಅಂಗೈಯಿಂದ ಗುಡಿಸಿಕೊಳ್ತಿದ್ಲು, ಆಮೇಲೆ ಐದೂ ಬೆರಳಲ್ಲಿ ಬಾಚೋದು, ಎಷ್ಟೋ ತಿಂಗಳಾದ ಮೇಲೆ ಹೆಬ್ಬೆರಳು ತೋರುಬೆರಳು ಸೇರಿಸಿ ಒಂದೇ ಒಂದು ಪುರಿ ಎತ್ತಿ ಅವರಜ್ಜಿ ಬಾಯಿಗೆ ಇಟ್ಲು. ಎಳೇ ಮೆದುಳಿಗೆ ಒಂದು ಭಾಗದ ಕೆಲಸ ಇನ್ನೊಂದು ಭಾಗ ಕಲಿತುಕೊಳ್ಳೋ ಶಕ್ತಿ ದೊಡ್ಡೋರಿಗಿಂತ ಎಷ್ಟೋ ಹೆಚ್ಚು, ಅದಕ್ಕೇ ಬೇಗ ಶುರು ಮಾಡಿ ಅನ್ನೋದು. ಇಂಥ ಮಕ್ಕಳಲ್ಲಿ ಹೆಚ್ಚಿನವರು ನಡೀತಾರೆ, ಮಾತಾಡ್ತಾರೆ. ಇವಳೂ ಸ್ವಲ್ಪ ತಡವಾಗಿ ನಡೆದ್ಲು, ಬಲಗಾಲು ಈಗ್ಲೂ ತುದಿಗಾಲಲ್ಲಿ ಇಡ್ತಾಳೆ, ಶೂ ಒಳಗೆ ಪಾದ ನೆಟ್ಟಗಿಡೋ ಸ್ಪ್ಲಿಂಟ್ ಹಾಕ್ತೀವಿ. ಯುಕೆಜಿ. ಮಾತಿಗಂತೂ ಕೊರತೆ ಇಲ್ಲ.

ದುಡ್ಡಿನ ಚಿಂತೆಗೆ ಮನೇಲೇ ಕೂರೋರಿಗೆ: ಸರ್ಕಾರಿ ಜಿಲ್ಲಾಸ್ಪತ್ರೆಗಳಲ್ಲಿ ಹುಟ್ಟಿದ ಮಕ್ಕಳಿಗೆ ಅಂತಾನೇ ಎಸ್‌ಎನ್‌ಸಿಯು ವಾರ್ಡ್ ಇರತ್ತೆ, ಜನನಿ ಶಿಶು ಸುರಕ್ಷಾ ಯೋಜನೇಲಿ ಕಾಯಿಲೆ ಬಿದ್ದ ಎಳೇ ಮಗೂಗೆ ಚಿಕಿತ್ಸೆ, ಔಷಧಿ, ಆಂಬುಲೆನ್ಸ್ ಉಚಿತ. ಆಮೇಲಿನ ಫಿಸಿಯೋಥೆರಪಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ ಅಂತ, ಮಕ್ಕಳ ಬೆಳವಣಿಗೆ ತೊಂದ್ರೆಗಳನ್ನ ಬೇಗ ಗುರುತಿಸಿ ಚಿಕಿತ್ಸೆ ಕೊಡೋ ಕೇಂದ್ರ ಮಾಡಿದಾರೆ, ಅಂಗನವಾಡಿಗೆ ಬರೋ ಇದೇ ಕಾರ್ಯಕ್ರಮದ (ಆರ್‌ಬಿಎಸ್‌ಕೆ) ಡಾಕ್ಟರ್ ಹತ್ರ ಚೀಟಿ ಬರೆಸ್ಕೊಂಡು ಹೋಗಬಹುದು. ಹೊರಡೋವಾಗ ತಾಯಿ ಕಾರ್ಡು, ಡಿಸ್ಚಾರ್ಜ್ ಚೀಟಿ, ಎಂಆರ್‌ಐ ಆಗಿದ್ರೆ ಅದರ ಸಿಡಿ ತಗೊಂಡು ಹೋಗಿ. ಕೈ ಎಗರೋದನ್ನ, ಕಾಲಿನ ಬಣ್ಣಾನ ಮೊಬೈಲಲ್ಲಿ ವಿಡಿಯೋ ಮಾಡಿಟ್ಕೊಳ್ಳಿ, ಆಸ್ಪತ್ರೆ ಮುಟ್ಟೋ ಹೊತ್ತಿಗೆ ಫಿಟ್ಸ್ ನಿಂತಿರಬಹುದು, ಆಗ ಡಾಕ್ಟರ್‌ಗೆ ತೋರಿಸೋಕೆ ಅದೊಂದೇ ಇರೋದು.